ಪರ್ಮಿಷನ್ ತಗೊಂಡಿದ್ರಾ?

ನನ್ನ ಕೈಬರಹ ಚೆನ್ನಾಗಿದೆ. ಕಂಪ್ಲಿ ಪಕ್ಕದ ನಮ್ಮ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಕಾಪಿ ಬರೆಸಿ ಬರೆಸಿ ದುಂಡಗೆ ಮಾಡಿಟ್ಟ ಅಕ್ಷರ. ಈಗ ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಕೆಲಸ, ಹಾಗಾಗಿ ಅದಕ್ಕೆ ಬೆಲೆ ಇಲ್ಲ. ಆದರೆ ಇಂಜಿನಿಯರಿಂಗ್ ಓದುವಾಗ ಕ್ಲಾಸಿನ ಅರ್ಜಿಗಳನ್ನೆಲ್ಲ ನಾನೇ ಬರೀತಿದ್ದೆ. ಲೀವ್ ಲೆಟರ್, ಬಸ್ ಪಾಸಿನ ಅರ್ಜಿ, ಇಂಟರ್ನಲ್ಸ್ ಒಂದು ವಾರ ಮುಂದೂಡಿ ಅಂತ ಮನವಿ, ಎಲ್ಲ. 2009ರ ಮೇ ತಿಂಗಳಲ್ಲಿ ಒಂದು ಮುಚ್ಚಳಿಕೆ ಪತ್ರವನ್ನೂ ಬರೆದೆ.

ಆ ವಾರ ಶ್ರೀಲಂಕಾದಲ್ಲಿ ಯುದ್ಧ ಮುಗಿದಿತ್ತು. ನಮ್ಮ ಕ್ಲಾಸಿನಲ್ಲಿ ಹೊಸಪೇಟೆಯ ಟಿ.ಬಿ. ಡ್ಯಾಂ ಕಡೆಯ ಒಬ್ಬ ಹುಡುಗ ಇದ್ದ. ಅವನ ತಾತ ಡ್ಯಾಂ ಕಟ್ಟುವಾಗ ಕಲ್ಲಿನ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದು ಇಲ್ಲೇ ಉಳಿದವರು. ಹುಡುಗ ನಮ್ಮಂಗೇ ಕನ್ನಡ ಮಾತಾಡೋನು, ಮನೆಯಲ್ಲಿ ಮಾತ್ರ ತಮಿಳು. ಅವನು ಒಂದು ಹಾಳೆಯ ಮೇಲೆ, ಯಾವ ಕಡೆಯವರಾದ್ರೂ ಸತ್ತವರು ಸತ್ತವರೇ, ಯುದ್ಧ ಸಾಕು ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ. ಸಂಜೆ ನಾಲ್ಕು ಜನ ಕ್ಯಾಂಟೀನ್ ಪಕ್ಕ ಐದು ಮೇಣದಬತ್ತಿ ಹಚ್ಚಿದರು. ಹದಿನೈದು ನಿಮಿಷ ಇರಬಹುದು. ಗಾಳಿಗೆ ಎರಡು ಆರಿಹೋದವು.

ಮಾರನೇ ದಿನ ಬೆಳಿಗ್ಗೆ ಕರೆ ಬಂತು. ಕ್ಲಾಸ್ ರೆಪ್ ಅಂತ ನನ್ನನ್ನೂ ಸೇರಿಸಿ. ಮೊದಲ ಪ್ರಶ್ನೆ: "ಪರ್ಮಿಷನ್ ತಗೊಂಡಿದ್ರಾ?" ಎರಡನೇದು: "ಯಾರು ಹೇಳಿಕೊಟ್ಟಿದ್ದು?" ಮೂರನೇದು: "ನಿಮ್ಮಪ್ಪನ ನಂಬರ್ ಕೊಡು." ನಾಲ್ಕನೇ ಪ್ರಶ್ನೆ ಇರಲಿಲ್ಲ. ಇನ್ನು ಮುಂದೆ ಇಂತಹ ಯಾವುದೇ ಚಟುವಟಿಕೆಯಲ್ಲಿ ಭಾಗವಹಿಸುವುದಿಲ್ಲ ಎಂದು ನಾನು ದುಂಡಗೆ ಬರೆದೆ, ನಾಲ್ವರು ಸಹಿ ಹಾಕಿದರು. ಕಾಲೇಜಿನ ಹೆಸರು ಬೇಡ. ಯಾವ ಕಾಲೇಜಾಗಿದ್ರೂ ಆಗ ಇದೇ ಆಗ್ತಿತ್ತು. ನನಗೆ ಈಗಲೂ ಕಾಡೋದು ಆ 'ಇಂತಹ' ಅನ್ನೋ ಪದ. ಎಂತಹ? ಇಡೀ ಪತ್ರದಲ್ಲಿ ಯುದ್ಧ ಅನ್ನೋ ಶಬ್ದ ಇರಲಿಲ್ಲ. ಶ್ರೀಲಂಕಾ ಇರಲಿಲ್ಲ, ಸತ್ತವರು ಇರಲಿಲ್ಲ. ಅಂಟಿಸಿದ ಹಾಳೆ ಇತ್ತು, ಹಚ್ಚಿದ ಬೆಂಕಿ ಇತ್ತು, ಪಡೆಯದ ಅನುಮತಿ ಇತ್ತು.

ಇದನ್ನು ಯಾಕೆ ಈಗ ಹೇಳ್ತಿದ್ದೀನಿ ಅಂದ್ರೆ, 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಲ್ಲಿ ಎಂಟೆಕ್ ಓದ್ತಿದ್ದ ಸಂಡೂರಿನ ಒಬ್ಬ ಹುಡುಗ ನಂಗೆ ಒಂದು ಪತ್ರ ಫಾರ್ವರ್ಡ್ ಮಾಡಿದ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಿಗೆ ಬರೆದ ಪತ್ರ. ಸೆಪ್ಟೆಂಬರ್ 23ಕ್ಕೆ ಆ ಕ್ಯಾಂಪಸ್ಸಿನಲ್ಲಿ ಭಾರತ-ಇಸ್ರೇಲ್ ಬಿಸಿನೆಸ್ ಸಮಾವೇಶ ಇಟ್ಟುಕೊಂಡಿದ್ದರು. ಗಾಜಾದಲ್ಲಿ ಆಗಲೇ ಒಂದು ವರ್ಷದ ಹತ್ತಿರ ಬಾಂಬು ಬೀಳ್ತಿತ್ತು. ಇಂಥ ಹೊತ್ತಲ್ಲಿ ವಿಜ್ಞಾನದ ಸಂಸ್ಥೆ ಈ ವ್ಯಾಪಾರಕ್ಕೆ ಜಾಗ ಕೊಡಬಾರದು, ರದ್ದು ಮಾಡಿ ಅಂತ 1,300ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಸಂಶೋಧಕರು, ಅಧ್ಯಾಪಕರು ಸಹಿ ಹಾಕಿದ್ದರು. ನಾನು ಆಫೀಸ್ ಕ್ಯಾಬಿನಲ್ಲಿ ಕೂತು ಓದಿದೆ. ಹೆಬ್ಬೆರಳು ಎತ್ತಿದ ಚಿತ್ರ ಒಂದು ಒತ್ತಿದೆ. ಸಿಲ್ಕ್ ಬೋರ್ಡ್ ಬಂತು, ಮರೆತೆ. ಸಮಾವೇಶ ಗೊತ್ತಾದ ದಿನವೇ ನಡೆಯಿತು.

ಅದರ ಆಯೋಜಕರಲ್ಲಿ ಮೈಸೂರು ಲ್ಯಾನ್ಸರ್ಸ್ ಹೆಸರಿನ ಹೆರಿಟೇಜ್ ಫೌಂಡೇಶನ್ನೂ ಒಂದು. ಮೈಸೂರು ಲ್ಯಾನ್ಸರ್ಸ್ ಯಾರು ಅಂತ ನೆನಪಿದೆ ಅಲ್ವಾ? ಮೊದಲ ಮಹಾಯುದ್ಧದಲ್ಲಿ ಜೋಧಪುರದ ಕುದುರೆಪಡೆ ಜೊತೆ ಸೇರಿ ಹೈಫಾ ಊರನ್ನು ಗೆದ್ದ ನಮ್ಮ ಮೈಸೂರಿನ ಸೈನಿಕರು. ತಾರೀಖು 1918ರ ಸೆಪ್ಟೆಂಬರ್ 23. ಮೈಸೂರು ಅರಸರೇ ಕೊಟ್ಟ 371 ಎಕರೆಯಲ್ಲಿ ಬೆಳೆದ ಸಂಸ್ಥೆಯ ಗೇಟಿನೊಳಕ್ಕೆ ಅದೇ ತಾರೀಖಿನಂದು ಒಂದು ಯುದ್ಧದ ಹೆಸರು ಅನುಮತಿ ಸಮೇತ ಬಂತು. ಇನ್ನೊಂದು ಯುದ್ಧದ ಬಗ್ಗೆ ಕೇಳಿದವರಿಗೆ ಮಾತ್ರ ಉತ್ತರ ಬರಲಿಲ್ಲ. ಯುದ್ಧದ ಮಾತೇ ಕ್ಯಾಂಪಸ್ಸಿಗೆ ಬೇಡ ಅನ್ನೋದಾದ್ರೆ ಎರಡಕ್ಕೂ ಬೇಡ ಅನ್ನಬೇಕಿತ್ತಲ್ಲ.

ಅದೇ ಸಂಸ್ಥೆಯಲ್ಲಿ ಅದಕ್ಕೂ ಒಂದು ವರ್ಷ ಮುಂಚೆ ಇನ್ನೊಂದು ಪ್ರಸಂಗ ನಡೆದಿತ್ತು. 2023ರ ಜೂನ್ 28ಕ್ಕೆ ವಿದ್ಯಾರ್ಥಿಗಳು ಯುಎಪಿಎ ಕಾನೂನು, ಜೈಲು, ನ್ಯಾಯವ್ಯವಸ್ಥೆ ಕುರಿತು ಒಂದು ಮಾತುಕತೆ ಇಟ್ಟುಕೊಂಡಿದ್ದರು. ಅದೇ ಕಾನೂನಿನಡಿ ಜೈಲು ನೋಡಿ ಬಂದಿದ್ದ ನತಾಶಾ ನರ್ವಾಲ್, ದೇವಾಂಗನಾ ಕಲಿತಾ ಮಾತಾಡಬೇಕಿತ್ತು. ಇದು ಯುದ್ಧದ ವಿಷಯ ಅಲ್ಲ, ಒಪ್ಪಿದೆ. ಆದರೆ ನನ್ನ ವಾದಕ್ಕೆ ಇದು ಮುಖ್ಯ, ಯಾಕಂದ್ರೆ ಇಲ್ಲಿ ಹುಡುಗರು ಅನುಮತಿ ತಗೊಂಡಿದ್ರು. ವಿಭಾಗದ ಮುಖ್ಯಸ್ಥರು ಕೊಟ್ಟಿದ್ದ ಅನುಮತಿಯನ್ನು ಹಿಂದಿನ ದಿನ ರಿಜಿಸ್ಟ್ರಾರ್ ಕಚೇರಿ ವಾಪಸ್ ತಗೊಂಡಿತು. ಹಾಲ್ ಇಲ್ಲ ಅಂದ್ರೆ ಬಯಲಲ್ಲೇ ಕೂತು ಮಾತಾಡ್ತೀವಿ ಅಂತ ಹೊರಗೆ ಸೇರಿದರೆ ಸೆಕ್ಯುರಿಟಿಯವರು ಬಂದರು. ಅಧ್ಯಾಪಕರು ನಡುವೆ ಬಂದ ಮೇಲೆ ಮಾತುಕತೆ ಹೇಗೋ ನಡೆಯಿತು. ಆಮೇಲೆ 500ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ನಿರ್ದೇಶಕರಿಗೆ ಪತ್ರ ಬರೆದರು. ಅಂದ್ರೆ ಪರ್ಮಿಷನ್ ಅನ್ನೋದು ಬಾಗಿಲು ಅಂದುಕೊಂಡಿದ್ದೆವು. ಅದು ಪರದೆ.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಕಾಲುವೆ ನೀರಿನ ಮೇಲೆ ಭತ್ತ ಬೆಳೆಯೋ ಮನುಷ್ಯ, ವಿಶ್ವವಿದ್ಯಾಲಯ ಅಂದ್ರೆ ಹಂಪಿ ಪಕ್ಕದ್ದು ಒಂದೇ ಗೊತ್ತು. ಪೂರ್ತಿ ಕೇಳಿಸಿಕೊಂಡು, "ಅಲ್ಲಪ, ಹುಡುಗ್ರು ಊಟ ಸರಿ ಇಲ್ಲ ಅಂದಿಲ್ಲ, ಫೀಸು ಕಮ್ಮಿ ಮಾಡ್ರಿ ಅಂದಿಲ್ಲ, ತಮಗಂತ ಏನೂ ಕೇಳಿಲ್ಲ. ಮತ್ತ ಸಾಹೇಬ್ರಿಗೆ ಯಾಕ ಸಿಟ್ಟು?" ಅಂದ.

ಅದನ್ನೇ ನಾನೂ ಯೋಚಿಸ್ತಿದ್ದೆ. ಉತ್ತರ ಪ್ರಶ್ನೆಯೊಳಗೇ ಇದೆ ಅನ್ಸುತ್ತೆ. ತಮಗಂತ ಏನೂ ಕೇಳದೇ ಇರೋದಕ್ಕೇ ಸಿಟ್ಟು.

ನಮ್ಮ ಕಾಲೇಜಿನಲ್ಲಿ ಅದೇ ವರ್ಷ ಹಾಸ್ಟೆಲ್ ಊಟಕ್ಕೆ ಸ್ಟ್ರೈಕ್ ಆಗಿತ್ತು. ಸಾರಿನಲ್ಲಿ ಹುಳ ಸಿಕ್ಕಿತ್ತು. ಇನ್ನೂರು ಜನ ತಟ್ಟೆ ಬಾರಿಸ್ಕೊಂಡು ಗೇಟಿಗೆ ಬಂದೆವು. ಯಾರೂ ಪರ್ಮಿಷನ್ ಕೇಳಲಿಲ್ಲ! ಪ್ರಿನ್ಸಿಪಾಲರೇ ಬಂದು ಮೆಟ್ಟಿಲ ಮೇಲೆ ಕೂತರು, ನಮ್ಮ ಹೆಗಲ ಮೇಲೆ ಕೈ ಹಾಕಿದರು, ಎರಡು ದಿನದಲ್ಲಿ ಕಾಂಟ್ರಾಕ್ಟರ್ ಬದಲಾದ. ಕಮಲಾಪುರದ ಹತ್ತಿರದ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಫೆಲೋಶಿಪ್ ಬಾಕಿಗಾಗಿ ಹೋರಾಡಿದ್ದನ್ನು ನೀವೂ ಪೇಪರಿನಲ್ಲಿ ಓದಿರ್ತೀರಿ. ಅದು ಕಷ್ಟದ ಹೋರಾಟ, ದುಡ್ಡು ಬರೋದು ಸುಲಭ ಅಲ್ಲ. ಆದ್ರೂ ಏನು ಮಾಡಬೇಕು ಅಂತ ಆಡಳಿತಕ್ಕೆ ಗೊತ್ತಿರುತ್ತೆ. ಸರ್ಕಾರಕ್ಕೆ ಪತ್ರ ಬರೀಬಹುದು, ಒಂದು ಕಂತು ಬಿಡಬಹುದು, ಸಮಿತಿ ಮಾಡಬಹುದು. ಕೊಟ್ಟು ಕಳಿಸೋಕೆ ಏನೋ ಒಂದಿದೆ. ಯುದ್ಧ ಬೇಡ ಅಂತ ಬಂದವನಿಗೆ ಏನು ಕೊಟ್ಟು ಕಳಿಸೋದು? ಅವನು ಬೇಡೋಕೆ ಬಂದಿಲ್ಲ, ಲೆಕ್ಕ ಕೇಳೋಕೆ ಬಂದಿದ್ದಾನೆ. ನಿಮ್ಮ ದುಡ್ಡು ಎಲ್ಲಿದೆ, ನಿಮ್ಮ ಒಪ್ಪಂದ ಯಾರ ಜೊತೆ, ನಿಮ್ಮ ಲ್ಯಾಬಿನಲ್ಲಿ ಆಗೋ ಕೆಲಸ ಕೊನೆಗೆ ಯಾರ ಕೈ ಸೇರುತ್ತೆ?

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕತೆ ಇದಕ್ಕೆ ಒಳ್ಳೇ ಉದಾಹರಣೆ. ಅಲ್ಲಿ ಇದು ಎರಡು ಸಲ ನಡೆದಿದೆ. 1968ರಲ್ಲಿ ವಿಯೆಟ್ನಾಂ ಯುದ್ಧದ ಹೊತ್ತು. ರಕ್ಷಣಾ ಇಲಾಖೆಗೆ ಶಸ್ತ್ರಾಸ್ತ್ರ ಸಂಶೋಧನೆ ಮಾಡಿಕೊಡ್ತಿದ್ದ ಸಂಸ್ಥೆಯೊಂದರ ಜೊತೆ ವಿಶ್ವವಿದ್ಯಾಲಯಕ್ಕೆ ನಂಟಿದೆ ಅಂತ ಹುಡುಗರು ದಾಖಲೆ ಹುಡುಕಿ ತೆಗೆದಿದ್ದರು. ಪಕ್ಕದ ಬಡವರ ಬಡಾವಣೆಯ ಪಾರ್ಕಿನಲ್ಲಿ ಜಿಮ್ ಕಟ್ಟೋ ವಿಚಾರಕ್ಕೂ ಸಿಟ್ಟಿತ್ತು. ಕಟ್ಟಡಗಳನ್ನು ಹಿಡಿದು ಕೂತರು. ಏಪ್ರಿಲ್ 30ರ ಬೆಳಗಿನ ಜಾವ ಪೊಲೀಸರು ನುಗ್ಗಿ ಸುಮಾರು 700 ಜನರನ್ನು ಹಿಡಿದರು. ಆಮೇಲೇನಾಯ್ತು ಗೊತ್ತಾ? ಆ ವರ್ಷವೇ ಅಧ್ಯಕ್ಷ ಗ್ರೇಸನ್ ಕರ್ಕ್ ಕುರ್ಚಿ ಬಿಟ್ಟರು, ಪಾರ್ಕಿನ ಜಿಮ್ ಯೋಜನೆ ಬಿದ್ದುಹೋಯಿತು, ಆ ಸಂಸ್ಥೆಯ ನಂಟೂ ಹೋಯಿತು. ಏಪ್ರಿಲ್‌ನಲ್ಲಿ ಸಾಧ್ಯವೇ ಇಲ್ಲ ಅಂದಿದ್ದು ಆಮೇಲೆ ಸಾಧ್ಯವಾಯಿತು.

ಎರಡನೇ ಸಲ 2024. ಏಪ್ರಿಲ್ 17ಕ್ಕೆ ಹುಲ್ಲಿನ ಮೇಲೆ ಟೆಂಟು ಹಾಕಿದರು. 1,300 ಕೋಟಿ ಡಾಲರಿಗೂ ಮೀರಿದ ನಿಮ್ಮ ಇಡುಗಂಟು ಯಾವ ಯಾವ ಕಂಪನಿಯಲ್ಲಿದೆ ಹೇಳಿ, ಗಾಜಾ ಯುದ್ಧದಲ್ಲಿ ಲಾಭ ಮಾಡೋ ಕಂಪನಿಗಳಿಂದ ತೆಗೀರಿ ಅನ್ನೋದು ಬೇಡಿಕೆ. ಮಾರನೇ ದಿನವೇ ಪೊಲೀಸರು ಬಂದು 108 ಜನರನ್ನು ಹಿಡಿದರು. ಅದರಿಂದ ಟೆಂಟು ಕಮ್ಮಿ ಆಗಲಿಲ್ಲ, ದೇಶದ ತುಂಬ ಹಬ್ಬಿತು. ಹ್ಯಾಮಿಲ್ಟನ್ ಹಾಲ್ ಅನ್ನೋ ಅದೇ 1968ರ ಕಟ್ಟಡದೊಳಕ್ಕೆ ಮತ್ತೆ ನುಗ್ಗಿದ ಹುಡುಗರನ್ನು ಪೊಲೀಸರು ಹೊರಗೆಳೆದಿದ್ದು ಮತ್ತೆ ಏಪ್ರಿಲ್ 30ರಂದೇ. ಆಗಸ್ಟ್‌ನಲ್ಲಿ ಅಧ್ಯಕ್ಷೆ ಮಿನೂಶ್ ಶಫೀಕ್ ರಾಜೀನಾಮೆ ಕೊಟ್ಟರು.

ಆಕೆಯ ಪರಿಸ್ಥಿತಿಯನ್ನೂ ನೋಡಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ. 2023ರ ಡಿಸೆಂಬರ್‌ನಲ್ಲಿ ಹಾರ್ವರ್ಡ್, ಪೆನ್ಸಿಲ್ವೇನಿಯಾ, ಎಂಐಟಿ ಅಧ್ಯಕ್ಷೆಯರನ್ನು ಸಂಸತ್ತಿನವರು ಕೂರಿಸಿಕೊಂಡು ಯಹೂದಿ ವಿದ್ಯಾರ್ಥಿಗಳ ಸುರಕ್ಷತೆ ಬಗ್ಗೆ ಜಾಡಿಸಿದ್ದರು. ಒಂದು ತಿಂಗಳೊಳಗೆ ಇಬ್ಬರ ಕುರ್ಚಿ ಹೋಯಿತು. ಕೆಲವು ಕಡೆ ಕೇಳಿಬಂದ ಘೋಷಣೆಗಳು, ನಡೆದ ಜಗಳಗಳು ನಿಜಕ್ಕೂ ಯಹೂದಿ ಹುಡುಗ ಹುಡುಗಿಯರನ್ನು ಹೆದರಿಸಿದ್ದವು. ಅಂಥವರನ್ನು ಹೆಸರು ಹಿಡಿದು ವಿಚಾರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆದರಿಸಿದ ಒಬ್ಬನಿಗೂ ಹುಲ್ಲಿನ ಮೇಲೆ ಕೂತು ಪುಸ್ತಕ ಓದ್ತಿದ್ದ ನೂರು ಜನಕ್ಕೂ ಒಂದೇ ವ್ಯಾನು ಅಂದ್ರೆ ಅದು ಸುರಕ್ಷತೆಯ ಕೆಲಸ ಅಲ್ಲ. ಇಷ್ಟೆಲ್ಲ ಮಾಡಿ ಕೊಲಂಬಿಯಾಗೆ ಸಿಕ್ಕಿದ್ದಾದರೂ ಏನು? 2025ರ ಮಾರ್ಚಿನಲ್ಲಿ ಟ್ರಂಪ್ ಸರ್ಕಾರ ಸಾಲದು ಅಂತ 40 ಕೋಟಿ ಡಾಲರ್ ಅನುದಾನ ನಿಲ್ಲಿಸಿತು. ಜುಲೈನಲ್ಲಿ ವಿಶ್ವವಿದ್ಯಾಲಯ 20 ಕೋಟಿಗೂ ಹೆಚ್ಚು ಡಾಲರ್ ಕಟ್ಟೋಕೆ ಒಪ್ಪಿ ರಾಜಿ ಮಾಡಿಕೊಂಡಿತು.

ಎಲ್ಲರೂ ಹೀಗೇ ಮಾಡಿದ್ರು ಅಂತಲ್ಲ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 2024ರ ಮೇನಲ್ಲಿ ಟೆಂಟು ಬಿದ್ದಾಗ ಆಡಳಿತ ಹುಡುಗರ ಜೊತೆ ಕೂತು ಲೆಕ್ಕದ ಪುಸ್ತಕ ತೆರೆಯಿತು. ಆಕ್ರಮಿತ ನೆಲದಲ್ಲಿ ವ್ಯವಹಾರ ಮಾಡೋದಕ್ಕೆ ವಿಶ್ವಸಂಸ್ಥೆಯ ಕಪ್ಪುಪಟ್ಟಿ ಸೇರಿದ್ದ ಇಸ್ರೇಲಿ ಕಂಪನಿಗಳಿಂದ ಹಣ ತೆಗೀತೀವಿ ಅಂದಿತು. ಐದು ದಿನಕ್ಕೆ ಟೆಂಟು ಎದ್ದವು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ, ನಿಮ್ಮ ಬೇಡಿಕೆಯನ್ನು ಆಡಳಿತ ಮಂಡಳಿಯ ಮತಕ್ಕೆ ಹಾಕ್ತೀವಿ ಅಂತ ಒಪ್ಪಿಕೊಂಡಿತು. ಅಕ್ಟೋಬರಿನಲ್ಲಿ ಮತ ಹಾಕಿ ಬೇಡಿಕೆ ತಿರಸ್ಕರಿಸಿತು. ಹುಡುಗರು ಸೋತರು. ಆದರೆ ನೋಡಿ, ಇಲ್ಲ ಅನ್ನೋದೂ ಒಂದು ಉತ್ತರ. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ.

ಈಗ ನಮ್ಮ ಆಡಳಿತಗಾರರ ಮೆಚ್ಚಿನ ವಾದಕ್ಕೆ ಬರ್ತೀನಿ. ವಿಶ್ವವಿದ್ಯಾಲಯ ಓದೋ ಜಾಗ, ಬೇರೆ ದೇಶಗಳ ಸಂಸ್ಥೆಗಳ ಜೊತೆಗಿನ ಒಪ್ಪಂದ ಬರೀ ವಿದ್ಯೆಯದು, ಅದಕ್ಕೆ ರಾಜಕೀಯ ಬೆರೆಸೋಕಾಗಲ್ಲ. ಕೇಳೋಕೆ ಚೆನ್ನಾಗಿದೆ. ಅರ್ಧ ನಾನೂ ಒಪ್ಪುತ್ತೇನೆ, ವಿಜ್ಞಾನಿ ವಿಜ್ಞಾನಿ ಜೊತೆ ಮಾತು ಬಿಡಬಾರದು. 2024ರ ಮೇನಲ್ಲಿ ಅಶೋಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಟೆಲ್ ಅವಿವ್ ವಿಶ್ವವಿದ್ಯಾಲಯದ ಜೊತೆಗಿನ ನಂಟು ಬಿಡಿ ಅಂದಾಗ ಆಡಳಿತ ಒಪ್ಪಲಿಲ್ಲ. ಸರಿ, ಅದು ಅವರ ತತ್ವ ಅಂತ ಇಟ್ಟುಕೊಳ್ಳೋಣ. ಆದರೆ ಸರಿಯಾಗಿ ಒಂದು ವರ್ಷಕ್ಕೆ, 2025ರ ಮೇನಲ್ಲಿ, ಆಪರೇಷನ್ ಸಿಂಧೂರದ ಹೊತ್ತಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಿತು. ಕೆಲವೇ ದಿನದಲ್ಲಿ ಜೆಎನ್‌ಯು ಟರ್ಕಿಯ ಇನೋನು ವಿಶ್ವವಿದ್ಯಾಲಯದ ಜೊತೆಗಿನ ಒಪ್ಪಂದ ಅಮಾನತು ಮಾಡಿತು. ಜಾಮಿಯಾ ಮಾಡಿತು, ಐಐಟಿ ಬಾಂಬೆ ಮಾಡಿತು. ಇತ್ತ ಅಮೆರಿಕದಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ಮಾರನೇ ದಿನವೇ, 2022ರ ಫೆಬ್ರವರಿ 25ಕ್ಕೆ, ಎಂಐಟಿ ಮಾಸ್ಕೋದ ಸ್ಕೋಲ್‌ಟೆಕ್ ಸಂಸ್ಥೆ ಜೊತೆಗಿನ ದೊಡ್ಡ ಕಾರ್ಯಕ್ರಮವನ್ನು ಕೊನೆಗೊಳಿಸಿತ್ತು. ಯಾರೂ ಟೆಂಟು ಹಾಕಿರಲಿಲ್ಲ, ಯಾರೂ ಸಹಿ ಸಂಗ್ರಹಿಸಿರಲಿಲ್ಲ.

ಅಂದ್ರೆ ಒಪ್ಪಂದ ಮುರಿಯೋಕೆ ಬರುತ್ತೆ. ಒಂದೇ ದಿನದಲ್ಲಿ ಬರುತ್ತೆ. ಗಾಳಿ ಮೇಲಿಂದ ಬೀಸಿದ್ರೆ ಅದು ರಾಷ್ಟ್ರಹಿತ, ಕೆಳಗಿನಿಂದ ಹುಡುಗರು ಊದಿದ್ರೆ ಅದು ರಾಜಕೀಯ. ತಟಸ್ಥ ಅನ್ನೋ ಪದವನ್ನು ಇಷ್ಟು ಬಗ್ಗಿಸಬಹುದು ಅಂತ ನಂಗೆ ಗೊತ್ತಿರಲಿಲ್ಲ. ಅದೇ ಮೇ ತಿಂಗಳಲ್ಲಿ ಎಷ್ಟೋ ಕಾಲೇಜುಗಳಲ್ಲಿ ತಿರಂಗಾ ಯಾತ್ರೆ ನಡೆಯಿತು. ಸೈನಿಕರ ಬಗ್ಗೆ ನನಗೂ ಗೌರವ ಇದೆ, ಯಾತ್ರೆಗೆ ನನ್ನ ತಕರಾರಿಲ್ಲ. ಆದರೆ ಗಡಿಯ ಎರಡೂ ಕಡೆ ಮಕ್ಕಳು ಸಾಯಬಾರದು ಅಂತ ಒಬ್ಬ ವಿದ್ಯಾರ್ಥಿ ಅದೇ ಅಂಗಳದಲ್ಲಿ ಒಂದು ಹಾಳೆ ಹಿಡಿದು ನಿಂತಿದ್ರೆ ಅವನ ಗತಿ ಏನು? ನೀವೇ ಊಹಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 2020ರ ಜನವರಿ 8ರಂದು, ಜೆಎನ್‌ಯು ಹಲ್ಲೆ ಖಂಡಿಸಿ ನಡೆದ ಪ್ರತಿಭಟನೆಯಲ್ಲಿ ಒಬ್ಬ ಹುಡುಗಿ ಕಾಶ್ಮೀರದ ಬಗ್ಗೆ ಎರಡು ಪದದ ಫಲಕ ಹಿಡಿದಿದ್ದಳು. ಅಲ್ಲಿ ಬಂದ್ ಆಗಿರೋ ಇಂಟರ್ನೆಟ್ ಬಿಡಲಿ ಅಂತ ನನ್ನ ಅರ್ಥ ಅಂದಳು. ದೇಶದ್ರೋಹದ ಕೇಸು ಬಿತ್ತು. ಸ್ಥಳೀಯ ವಕೀಲರ ಸಂಘ ಅವಳ ಪರ ಯಾರೂ ವಕಾಲತ್ತು ಹಾಕಬಾರದು ಅಂತ ನಿರ್ಣಯ ಮಾಡಿತು. ಬೇರೆ ಊರಿನ ವಕೀಲರು ಬಂದ ಮೇಲೆ ನಿರೀಕ್ಷಣಾ ಜಾಮೀನು ಸಿಕ್ಕಿತು.

ದೆಹಲಿಯ ಜೆಎನ್‌ಯುನಲ್ಲಂತೂ ಇದಕ್ಕೆಲ್ಲ ರೇಟ್ ಕಾರ್ಡೇ ಇದೆ. 2023ರ ಕೊನೆಯಲ್ಲಿ ಹೊರಬಂದ ಶಿಸ್ತಿನ ಕೈಪಿಡಿ ಪ್ರಕಾರ ಪಾಠದ ಕಟ್ಟಡಗಳಿಂದ 100 ಮೀಟರ್ ಒಳಗೆ ಧರಣಿ ಕೂತರೆ 20,000 ರೂಪಾಯಿವರೆಗೆ ದಂಡ. ನಮ್ಮೂರಲ್ಲಿ ಬೇರೆಯವರ ಹೊಲಕ್ಕೆ ದನ ನುಗ್ಗಿದ್ರೆ ದೊಡ್ಡಿಗೆ ಹೊಡೀತಿದ್ರು, ಬಿಡಿಸಿಕೊಳ್ಳೋಕೆ ದಂಡ ಕಟ್ಟಬೇಕಿತ್ತು. ಅಲ್ಲಿ ಯಾರೂ ದನಕ್ಕೆ ಯಾಕೆ ಹಸಿವಾಯ್ತು ಅಂತ ಕೇಳ್ತಿರಲಿಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ವಿಷಯ ಇದೆ, ಇದನ್ನು ನಮ್ಮ ವಯಸ್ಸಿನವರು ಗಮನಿಸಿಯೇ ಇಲ್ಲ. 1989ರಿಂದ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಇಲ್ಲ. ಹೊಡೆದಾಟ ಜಾಸ್ತಿ ಆಯ್ತು ಅಂತ ನಿಲ್ಲಿಸಿದರು. ನಾನು ಹುಟ್ಟಿದ ಹೊತ್ತಿಗೆ ನಿಂತದ್ದು ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಹಾಗೇ ಇತ್ತು. ನಾನು ಕ್ಲಾಸ್ ರೆಪ್ ಆಗಿದ್ದು ಚುನಾವಣೆಯಿಂದಲ್ಲ, ಮಾರ್ಕ್ಸ್ ಚೆನ್ನಾಗಿತ್ತು, ಅಕ್ಷರ ಚೆನ್ನಾಗಿತ್ತು, ಲೆಕ್ಚರರ್ ಹೇಳಿದರು, ಆದೆ. ಹಾಗಾಗಿ ಆವತ್ತು ಆ ರೂಮಿನಲ್ಲಿ ನಾನು ನಾಲ್ವರ ಪರ ನಿಂತಿದ್ನಾ, ಕಾಲೇಜಿನ ಪರ ನಿಂತಿದ್ನಾ? ನಂಗೇ ಗೊತ್ತಿರಲಿಲ್ಲ. ಹುಡುಗರು ಆರಿಸಿದ ಯಾರಾದ್ರೂ ಆ ಕುರ್ಚಿಯಲ್ಲಿ ಇದ್ದಿದ್ರೆ, "ಸಾರ್, ಪರ್ಮಿಷನ್ ವಿಷಯ ಆಮೇಲೆ, ಮೊದಲು ಆ ಹಾಳೇಲಿ ಏನಿದೆ ಓದಿ" ಅನ್ನಬಹುದಿತ್ತು. ಅಂತಿದ್ದನೋ ಇಲ್ವೋ, ಅನ್ನೋ ಅಧಿಕಾರವಾದ್ರೂ ಇರ್ತಿತ್ತು.

ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡೋದು ಹೇಗಿರುತ್ತೆ ಅಂತ ನಾನು ನೋಡಿರೋದು ವಿಶ್ವವಿದ್ಯಾಲಯದಲ್ಲಿ ಅಲ್ಲ, ನೀರಾವರಿ ಇಲಾಖೆಯಲ್ಲಿ. ನಗಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆವತ್ತು ನಮ್ಮ ಕಡೆ ಯಾರೂ ನಿದ್ದೆ ಮಾಡಿಲ್ಲ. 33 ಗೇಟಿನ ಡ್ಯಾಂ, 105 ಟಿಎಂಸಿ ಹಿಡಿಯೋ ಡ್ಯಾಂ, ಕಣ್ಣೆದುರು ಖಾಲಿ ಆಗ್ತಿದೆ. ಕಾಲುವೆ ಕೆಳಗಿನ ರೈತರು ಸಿಟ್ಟಾಗಿದ್ದರು, ಅಧಿಕಾರಿಗಳನ್ನು ಬೈದರು. ಆದರೆ ಪ್ರತಿದಿನ ಒಂದು ಅಂಕಿ ಹೊರಬರ್ತಿತ್ತು. ಒಳಹರಿವು ಇಷ್ಟು, ಹೊರಹರಿವು ಇಷ್ಟು, ಉಳಿದಿರೋದು ಇಷ್ಟು ಟಿಎಂಸಿ. ಅಪ್ಪ ಯಾವಾಗಲೂ ಕೇಳೋದು ಅಷ್ಟೇ: "ಎಷ್ಟೈತಿ, ಎಷ್ಟ್ ದಿನ ಬಿಡ್ತೀರಿ, ಅಷ್ಟ್ ಹೇಳ್ರಿ ಸಾಹೇಬ್ರ." ಎಂಜಿನಿಯರ್ ಸಾಹೇಬರು ಸುಳ್ಳು ಹೇಳಬಹುದು, ತಪ್ಪು ಹೇಳಬಹುದು, ಎರಡನೇ ಬೆಳೆಗೆ ನೀರಿಲ್ಲ ಅಂತಲೂ ಹೇಳಬಹುದು. ಆದರೆ "ಈ ಕಚೇರಿ ಮುಂದೆ ನಿಲ್ಲೋಕೆ ಪರ್ಮಿಷನ್ ಇದೆಯಾ?" ಅನ್ನೋ ಮಾತೊಂದರಲ್ಲೇ ಪಾರಾಗೋಕೆ ಆಗಲ್ಲ. ವಿಶ್ವವಿದ್ಯಾಲಯದ ಸಾಹೇಬರು ಪಾರಾಗ್ತಾರೆ. ಓದಿದವರ ಪ್ರಶ್ನೆಗೆ ಓದದವರ ಪ್ರಶ್ನೆಗಿಂತ ಕಡಿಮೆ ಮರ್ಯಾದೆ!

ಯುದ್ಧ ಎಲ್ಲೋ ದೂರದಲ್ಲಿ ನಡೆಯೋದು, ನಿಮಗ್ಯಾಕೆ ಅನ್ನೋ ಮಾತೂ ಬರುತ್ತೆ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಿನಸಿ ತರೋಕೆ ಹೊರಗೆ ಹೋಗಿದ್ದ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದನಲ್ಲ, ಅವನು ಹಾವೇರಿ ಜಿಲ್ಲೆಯ ಚಳಗೇರಿಯವನು. ಹೊಸಪೇಟೆಯಿಂದ ಬಸ್ಸು ಹತ್ತಿದ್ರೆ ಅರ್ಧ ದಿನದ ದಾರಿ. ಇನ್ನು ನಮ್ಮ ಸೀಮೆಗಂತೂ ಯುದ್ಧ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ, ಬೆಂಗಳೂರಿನವರು ವೀಕೆಂಡಿಗೆ ದುಡ್ಡು ಕೊಟ್ಟು ನೋಡೋಕೆ ಬರ್ತಾರೆ. ಹಂಪಿಗೆ ಬರೋ ಪ್ರತಿ ಕಾಲೇಜು ಟ್ರಿಪ್ಪಿನಲ್ಲೂ ಯಾರಾದ್ರೂ ಒಬ್ಬ ಮೇಷ್ಟ್ರು 1565ರ ಕತೆ ಹೇಳಿ, ಯುದ್ಧ ಎಂಥ ಊರನ್ನು ಹಾಳು ಮಾಡಿತು ನೋಡಿ ಅಂತ ಗದ್ಗದಿತರಾಗ್ತಾರೆ. 460 ವರ್ಷ ಹಳೇ ಯುದ್ಧವನ್ನು ಬೈಯೋಕೆ ಅನುಮತಿ ಬೇಕಾಗಿಲ್ಲ.

ಅದಕ್ಕೂ ಹಳೇ ಕತೆ ಒಂದಿದೆ, ನಮ್ಮ ಕಂಪ್ಲಿಯದೇ. ದೆಹಲಿಯ ಮಹಮದ್ ಬಿನ್ ತುಘಲಕ್ ಮೇಲೆ ದಂಗೆ ಎದ್ದ ಅವನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಸೋತು ಓಡಿ ಬಂದು ಕಂಪಿಲರಾಯನ ಆಸರೆ ಕೇಳಿದ. ಕಂಪಿಲ ಬಿಟ್ಟುಕೊಡಲಿಲ್ಲ. ಸುಲ್ತಾನನ ಸೈನ್ಯ ಬಂತು. ಇನ್ನು ತಡೆಯೋಕೆ ಆಗಲ್ಲ ಅಂತ ಗೊತ್ತಾದ ಮೇಲೆ ಕಂಪಿಲ ಅವನನ್ನು ಪಕ್ಕದ ರಾಜನ ಹತ್ತಿರ ಸಾಗಹಾಕಿ ತಾನು ಹೋರಾಡಿ ಸತ್ತ. ಇದು 1327ರ ಸುಮಾರು, ಇಬ್ನ್ ಬತೂತ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಇದು ಕಂಪಿಲನ ಮಗ ಕುಮಾರರಾಮನ ಕತೆಯಾಗಿ ಉಳಿದಿದೆ, ಸಂಡೂರು ಕಡೆಯ ಬೆಟ್ಟಗಳಲ್ಲಿ ಅವನ ಕೋಟೆ ಇತ್ತು ಅಂತ ತೋರಿಸ್ತಾರೆ. ಆ ಪಕ್ಕದ ರಾಜ ಹೊಯ್ಸಳರ ಮೂರನೇ ಬಲ್ಲಾಳ. ಅವನು ಗುರ್ಶಾಸ್ಪನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ.

ಕತೆ ಕೇಳುವಾಗ ಎಲ್ಲರೂ ಕಂಪಿಲನ ಪಕ್ಷ. ನಾನೂ. ಆದರೆ ಲೆಕ್ಕ ಹಾಕಿದ್ರೆ ಕಂಪಿಲನ ರಾಜ್ಯ ಹೋಯಿತು, ಬಲ್ಲಾಳ ಇನ್ನೂ ಒಂದೂವರೆ ದಶಕ ಆಳಿದ. ಒಬ್ಬ ಕುಲಪತಿಯ ತಲೆಯಲ್ಲಿ ಓಡೋದು ಈ ಎರಡನೇ ಲೆಕ್ಕವೇ ಇರಬೇಕು. ಅನುದಾನ ನಿಂತರೆ ಸಂಬಳ ಕೊಡೋದು ಯಾರು, ನಾಲ್ಕು ಹುಡುಗರಿಗೋಸ್ಕರ ನಾಲ್ಕು ಸಾವಿರ ಹುಡುಗರ ಭವಿಷ್ಯ ಹಾಳು ಮಾಡೋಕಾಗುತ್ತಾ? ಇದು ಸಣ್ಣ ಪ್ರಶ್ನೆ ಅಲ್ಲ. ನಾನು ಆ ಕುರ್ಚಿಯಲ್ಲಿದ್ರೆ, ಮನೆ ಸಾಲದ ಕಂತು ಕಟ್ಟೋ ನನ್ನಂಥವನು, ಬಲ್ಲಾಳನೇ ಆಗ್ತಿದ್ದೆ ಅನ್ಸುತ್ತೆ. ಆದರೆ ಬಲ್ಲಾಳನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಒಪ್ಪಿಸಿದ, ಅಷ್ಟೇ. ಗುರ್ಶಾಸ್ಪ್ ನಮ್ಮ ಊರೊಳಗೆ ಬರೋಕೆ ಪರ್ಮಿಷನ್ ತಗೊಂಡಿರಲಿಲ್ಲ ಅಂತ ಸುತ್ತೋಲೆ ಹೊರಡಿಸಲಿಲ್ಲ.

ಓದ್ತಿರೋ ನೀವು, ನನ್ನಂಗೇ ಐಟಿಯಲ್ಲಿದ್ರೆ, ಇದು ಕಾಲೇಜಿನವರ ಸಮಸ್ಯೆ ಅಂದುಕೊಳ್ಳಬೇಡಿ. ನಮ್ಮ ಕಂಪನಿಗಳೂ ತಮ್ಮ ಜಾಗಕ್ಕೆ ಕ್ಯಾಂಪಸ್ ಅಂತಲೇ ಕರೀತಾವೆ, ನಮ್ಮನ್ನು ಆರಿಸೋದಕ್ಕೆ ಕ್ಯಾಂಪಸ್ ಸೆಲೆಕ್ಷನ್ ಅಂತಾರೆ. 2024ರ ಏಪ್ರಿಲ್ 16ರಂದು ಇಸ್ರೇಲ್ ಸರ್ಕಾರದ ಜೊತೆಗಿನ ಕ್ಲೌಡ್ ಗುತ್ತಿಗೆ ವಿರೋಧಿಸಿ ಗೂಗಲ್ಲಿನ ಕೆಲವು ಉದ್ಯೋಗಿಗಳು ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ಆಫೀಸುಗಳಲ್ಲಿ ಕೂತರು. ಮಾರನೇ ದಿನ 28 ಜನರ ಕೆಲಸ ಹೋಯಿತು, ಕೆಲವೇ ದಿನದಲ್ಲಿ ಅದು ಸುಮಾರು 50ಕ್ಕೆ ಏರಿತು. ಕಾರಣ ಗುತ್ತಿಗೆ ಅಲ್ಲ, ಸಹೋದ್ಯೋಗಿಗಳ ಕೆಲಸಕ್ಕೆ ಅಡ್ಡಿ ಅಂತ. ನಾನು ಬರೆದ ಮುಚ್ಚಳಿಕೆಯ ವಾಕ್ಯವೇ, ಇಂಗ್ಲಿಷಿನಲ್ಲಿ.

ಟಿ.ಬಿ. ಡ್ಯಾಮಿನ ಹುಡುಗ ಈಗ ಹೊರದೇಶದಲ್ಲಿದ್ದಾನೆ. ವರ್ಷಕ್ಕೊಮ್ಮೆ ಮಾತಾಡ್ತೀವಿ, ಆ ವಿಷಯ ಯಾವತ್ತೂ ಎತ್ತಿಲ್ಲ, ಅವನೂ ಎತ್ತಿಲ್ಲ. ಸಂಡೂರಿನ ಹುಡುಗ ಮಾತ್ರ ಹೋದ ತಿಂಗಳು ಮತ್ತೆ ಮೆಸೇಜ್ ಮಾಡಿದ್ದ. "ಅಣ್ಣ, ಇನ್ನೊಂದು ಪತ್ರ ತಯಾರಾಗ್ತೈತಿ. ಹೆಸರು ಹಾಕ್ಲಾ ಬ್ಯಾಡಾ?" ಅಂತ. ಹಾಕು ಅಂತ ಟೈಪ್ ಮಾಡಿದೆ. ಕಳಿಸೋಕೆ ಮುಂಚೆ, ಪ್ಲೇಸ್‌ಮೆಂಟ್ ಯಾವಾಗ ಅಂತಲೂ ಸೇರಿಸಿದೆ. ಎರಡು ನೀಲಿ ಗೆರೆ ಬಂದವು. ಅವನು ಹೆಸರು ಹಾಕಿದನೋ ಇಲ್ವೋ, ನಾನು ಕೇಳಿಲ್ಲ.